ಹಲಬರ್ಗಾದ ಹಳಿಯಿಲ್ಲದ ಸೇತುವೆ

ಮದುವೆಯಾಗಿ ಬೀದರಿನಿಂದ ಹಲಬರ್ಗಾಕ್ಕೆ ಬಂದ ಮೊದಲ ವರ್ಷ ನನಗೆ ಎಲ್ಲಕ್ಕಿಂತ ಸೋಜಿಗ ಹುಟ್ಟಿಸಿದ್ದು ನಮ್ಮ ಹೊಲದ ಕೊನೆಗಿದ್ದ ಸೇತುವೆ. ಹಳ್ಳಕ್ಕೆ ಅಡ್ಡಲಾಗಿ ಕರಿಕಲ್ಲಿನ ಮೂರು ಕಮಾನು. ಮೇಲೆ ಹಳಿ ಇಲ್ಲ, ದಾರಿಯೂ ಇಲ್ಲ. ಈಚೆ ದಂಡೆಯಲ್ಲಿ ನಮ್ಮ ತೊಗರಿ, ಆಚೆ ದಂಡೆಯಲ್ಲಿ ಮುಳ್ಳುಕಂಟಿ. ಭಾಲ್ಕಿಗೆ ಹೋಗುವ ರೈಲು ಅಲ್ಲಿಂದ ಸಾಕಷ್ಟು ದೂರದಲ್ಲಿ ತನ್ನ ಪಾಡಿಗೆ ಓಡುತ್ತಿತ್ತು. ಹಾಗಾದರೆ ಇದನ್ನು ಕಟ್ಟಿದ್ದು ಯಾತಕ್ಕೆ?

ಆಗಿನ್ನೂ ನಮ್ಮದು ಹೈದರಾಬಾದ್ ರಾಜ್ಯ. ಭಾರತದ ಮಿಲಿಟರಿ ಬಂದು ನಿಜಾಮನ ಆಳ್ವಿಕೆ ಮುಗಿಸಿದ ಪೊಲೀಸ್ ಆ್ಯಕ್ಷನ್ ಆಗಿ ಕೆಲವೇ ವರ್ಷ ಕಳೆದಿದ್ದವು. ಊರಲ್ಲಿ ಏನೇ ಮುರಿದಿರಲಿ, ಏನೇ ಕಳೆದಿರಲಿ, ಜನ ಅದನ್ನು ಆ ಗದ್ದಲಕ್ಕೇ ಜೋಡಿಸುತ್ತಿದ್ದರು. ಹಳಿಗಳನ್ನು ನಿಜಾಮನ ಕಡೆಯ ರಜಾಕಾರರು ಕಿತ್ತೊಯ್ದರೆಂದು ನೆರೆಮನೆಯವರು ಹೇಳಿದರು. ಅಲ್ಲ, ಮಿಲಿಟರಿಯವರು ಬಂದಾಗ ಕಿತ್ತರು ಎಂದರು ಕಿರಾಣಿ ಅಂಗಡಿಯವರು. ಕಮಲನಗರದಿಂದ ಬಂದ ನೆಂಟರೊಬ್ಬರು ಅದರ ಮೇಲೆ ರೈಲು ಓಡಿದ್ದೇ ಸುಳ್ಳು ಎಂದು ವಾದಕ್ಕೆ ನಿಂತರು.

ಕೊನೆಗೆ ಮಾವನನ್ನೇ ಕೇಳಿದೆ. ಹೊಸ ಸೊಸೆ ಮಾವನೆದುರು ನಿಂತು ಇಂಥದನ್ನು ಕೇಳುವುದು ನಮ್ಮಲ್ಲಿ ರೂಢಿಯಲ್ಲ. ಆದರೆ ಅವರು ಖುಷಿಯಿಂದಲೇ ಹೇಳಿದರು. ಅವರ ಪ್ರಾಯದಲ್ಲಿ ಪರಳಿಯ ಕಡೆಗೆ ರೈಲುದಾರಿ ಹಾಕುತ್ತಿದ್ದರಂತೆ. ಹಳಿಯ ಕೆಳಗೆ ಹಾಸಲು ಖಡಿ ಬೇಕಲ್ಲ, ಅದಕ್ಕೆಂದು ಹಳ್ಳದಾಚೆಯ ಗುಡ್ಡದಲ್ಲಿ ಕಲ್ಲು ತೆಗೆಯಲು ಶುರುಮಾಡಿದರು. ಆ ಕಲ್ಲು ಸಾಗಿಸಲು ಸ್ಟೇಷನ್ನಿನಿಂದ ಗುಡ್ಡದವರೆಗೆ ಒಂದು ಕವಲು ಹಳಿ, ನಡುವೆ ಈ ಸೇತುವೆ. ಮಾವನೂ ಅಲ್ಲಿ ಕಲ್ಲು ಒಡೆದವರೇ. ಸಣ್ಣ ಇಂಜಿನ್ನು ಹಳ್ಳ ದಾಟುವಾಗ ಕೂಗಿದರೆ ಹೊಲದಲ್ಲಿ ಎತ್ತುಗಳು ನೊಗ ಕೊಡವಿ ನಿಲ್ಲುತ್ತಿದ್ದವಂತೆ. ದೊಡ್ಡ ದಾರಿ ಮುಗಿದ ಮೇಲೆ ಗುಡ್ಡದ ಕೆಲಸ ನಿಂತಿತು. ರೈಲಿನವರೇ ಬಂದು ಹಳಿ ಬಿಚ್ಚಿಕೊಂಡು ಹೋದರು. ರಜಾಕಾರರ ಹೆಸರು ಹುಟ್ಟುವುದಕ್ಕಿಂತ ಎಷ್ಟೋ ಮೊದಲಿನ ಮಾತು ಅದು. ಹಳಿಯ ಕೆಳಗಿನ ಮರದ ಸ್ಲೀಪರುಗಳನ್ನು ಬಿಟ್ಟುಹೋಗಿದ್ದರು, ಅವು ಊರಿನ ಮನೆಗಳಿಗೆ ತೊಲೆಯಾದವು. ನಮ್ಮ ಕೊಟ್ಟಿಗೆಗೆ ಹೋಗಿ ತಲೆಯೆತ್ತಿ ನೋಡಿದೆ. ಹೌದು, ತೊಲೆಗಳಲ್ಲಿ ಮೊಳೆ ಹೊಡೆದ ತೂತುಗಳು ಸಾಲಾಗಿದ್ದವು.

ಇಷ್ಟು ತಿಳಿದ ಮೇಲೆ ಹತ್ತಿ ನೋಡದೆ ಇರಲಾಗಲಿಲ್ಲ. ತೊಗರಿ ಕೊಯ್ಲು ಮುಗಿದ ಒಂದು ಮಧ್ಯಾಹ್ನ ನನ್ನದೇ ವಯಸ್ಸಿನ ನಾದಿನಿಯನ್ನು ಕರೆದುಕೊಂಡು ಹೊರಟೆ. ಅಲ್ಲಿ ಹಾವು ಚೇಳು ಇರುತ್ತವೆ, ಬೇಡ ಎಂದರು ಅತ್ತೆ. ಯಾವತ್ತೂ ನಮ್ಮನ್ನು ತಡೆಯದವರು ಅವತ್ತು ಎರಡು ಸಲ ಬೇಡವೆಂದರು. ನಾವು ಹೋದೆವು.

ಸೇತುವೆಯ ಮೇಲೆ ಮಣ್ಣು ಕೂತು ಹುಲ್ಲು ಬೆಳೆದಿತ್ತು. ನಡುಕಮಾನಿನ ನೆತ್ತಿಯ ಕಲ್ಲಿನಲ್ಲಿ ಉರ್ದುವಿನಲ್ಲಿ ಏನೋ ಕೊರೆದದ್ದು ಕಂಡಿತು. ನಾನು ಬೀದರಿನ ಸಾಲೆಯಲ್ಲಿ ಉರ್ದು ಕಲಿತವಳು. ಸೆರಗಿನಿಂದ ಧೂಳು ಒರೆಸಿದೆ. ನಾದಿನಿ ನನ್ನ ಹೆಗಲ ಮೇಲೆ ಬಗ್ಗಿ ಏನು ಬರೆದಿದೆ ಎಂದು ಪೀಡಿಸುತ್ತಿದ್ದಳು. ಕಟ್ಟಿಸಿದ ದೊರೆಯ ಹೆಸರೋ ಏನೋ ಅಂದುಕೊಂಡಿದ್ದೆ. ಓದಿದರೆ ಅದು ಸೇತುವೆಯ ನಂಬರು, ಅಷ್ಟೇ. ಇಬ್ಬರೂ ನಕ್ಕು ಹಳ್ಳಕ್ಕೆ ಇಳಿದೆವು.

ಕೆಳಗೆ, ದಂಡೆಗೆ ಹತ್ತಿದ ಒಣ ಕಮಾನಿನ ಒಳಗೆ, ನಮ್ಮ ನಗು ನಿಂತಿತು. ಮೇಲ್ಭಾಗ ಹೊಗೆಹಿಡಿದು ಕಪ್ಪಾಗಿತ್ತು. ಮೂರು ಕಲ್ಲಿನ ಒಲೆ, ಅದರ ಪಕ್ಕದಲ್ಲಿ ಒಂದು ಸಣ್ಣ ಬೀಸುಕಲ್ಲು. ಆ ಬೀಸುಕಲ್ಲಿನ ಗೂಟ ಕಟ್ಟಿಗೆಯದಲ್ಲ. ಹಳಿಯನ್ನು ಸ್ಲೀಪರಿಗೆ ಬಿಗಿಯುವ ದಪ್ಪ ಕಬ್ಬಿಣದ ಮೊಳೆಯನ್ನು ತಲೆ ಮೇಲಾಗಿ ಸಿಕ್ಕಿಸಿ, ಚಿಂದಿ ತುಂಬಿ ಗಟ್ಟಿಮಾಡಿದ್ದರು. ಇಲ್ಲಿ ಕೂತು ಬೀಸಿದವರು ಯಾರು?

ಮನೆಗೆ ಬಂದು ರೊಟ್ಟಿ ತಟ್ಟುತ್ತಿದ್ದ ಅತ್ತೆಗೆ ಹೇಳಿದೆ. ಅವರು ಕೈ ನಿಲ್ಲಿಸಿದರು.

“ಬೀಸುಕಲ್ಲ ನಮ್ದೇ ಅದ,” ಎಂದರು. “ಕಬ್ಬಿಣದ ಗೂಟ ಎಲ್ಲಿಂದ ಬಂತೋ ಗೊತ್ತಿಲ್ಲ. ನಾ ಬಿಟ್ಟು ಬಂದಾಗ ಜಾಲಿ ಕಟಗಿದಿತ್ತು.”

ಆಮೇಲೆ ಒಲೆಯ ಮುಂದೆಯೇ ಎಲ್ಲ ಹೇಳಿದರು. ರಜಾಕಾರರು ಬರುತ್ತಾರೆಂಬ ಸುದ್ದಿ ಹಬ್ಬಿದಾಗ ಓಣಿಯ ಹೆಂಗಸರು ಮಕ್ಕಳನ್ನು ಕಟ್ಟಿಕೊಂಡು ಆ ಕಮಾನಿನೊಳಗೆ ಅಡಗಿದ್ದರು. ರೊಟ್ಟಿಗೆ ಹಿಟ್ಟು ಬೇಕೆಂದು ಅತ್ತೆ ಬೀಸುಕಲ್ಲನ್ನು ತಲೆಯ ಮೇಲೆ ಹೊತ್ತೊಯ್ದಿದ್ದರು. ಮಿಲಿಟರಿ ಬಂತು, ಎಲ್ಲರೂ ಮನೆ ಸೇರಿದರು. ಕೆಲವು ದಿನ ಬಿಟ್ಟು ಬೀಸುಕಲ್ಲು ತರಲು ಹೋದರೆ ಅಲ್ಲಿ ಬೇರೆಯವರು ಕೂತಿದ್ದರು. ರೈಲುಹಳಿ ದುರಸ್ತಿ ಮಾಡುವ ಗ್ಯಾಂಗಮನ್ ಒಬ್ಬನ ಹೆಂಡತಿ ಮತ್ತು ಇಬ್ಬರು ಹೆಣ್ಣುಮಕ್ಕಳು. ಮುಸಲ್ಮಾನರು. ಆಕೆ ನಮ್ಮ ಮನೆಗೆ ಮಜ್ಜಿಗೆಗೆ ಬರುತ್ತಿದ್ದವಳೇ. ಈಗ ಹೆದರುವ ಪಾಳಿ ಅವರದಾಗಿತ್ತು. ರಜಾಕಾರರು ಮಾಡಿದ್ದಕ್ಕೆ, ಏನೂ ಮಾಡದವರ ಮನೆಗಳ ಮೇಲೂ ಜನ ಬೀಳುತ್ತಿದ್ದ ದಿನಗಳು. ಡ್ಯೂಟಿಗೆ ಹೋದ ಗಂಡ ತಿರುಗಿ ಬಂದಿರಲಿಲ್ಲ.

ಅತ್ತೆ ಬೀಸುಕಲ್ಲನ್ನು ಅಲ್ಲೇ ಬಿಟ್ಟು ಬಂದರು. ಮುಂದೆ ಹುಲ್ಲಿಗೆ ಹೋದಾಗಲೆಲ್ಲ ಬುಟ್ಟಿಯ ತಳದಲ್ಲಿ ಜೋಳ ಇಟ್ಟುಕೊಂಡು ಹೋಗಿ, ಒಳಗೆ ಕಾಲಿಡದೆ ಕಮಾನಿನ ಬಾಯಲ್ಲೇ ಕೊಟ್ಟು ಬರುತ್ತಿದ್ದರು. ಒಂದು ದಿನ ಹೊರಗಿನಿಂದ ಇಣುಕಿದರೆ ಒಲೆ ಆರಿತ್ತು, ಯಾರೂ ಇರಲಿಲ್ಲ. ಅವರಿಗೆ ಏನಾಯಿತೋ ಎಂಬ ದಿಗಿಲಿನಿಂದ ಅತ್ತ ಮತ್ತೆ ಕಾಲಿಡಲಿಲ್ಲ.

“ಮಾವಗಾದ್ರೂ ಹೇಳಬೇಕಿತ್ತಲ್ರಿ?” ಎಂದೆ.

“ಆವಾಗ ಹೇಳಿದ್ರ ಮಾತು ಓಣಿಗಿ ಹೋಗ್ತಿತ್ತು. ಆಮ್ಯಾಲ ಯಾರೂ ಕೇಳ್ಲಿಲ್ಲ. ನೀ ಕೇಳ್ದಿ.”

ಮರುದಿನ ಅತ್ತೆ ತಾವಾಗಿಯೇ ನಮ್ಮೊಂದಿಗೆ ಹೊರಟರು. ಕಮಾನಿನೊಳಗೆ ಕುಕ್ಕರಗಾಲಲ್ಲಿ ಕೂತು ಕಲ್ಲನ್ನು ಒಂದು ಸುತ್ತು ತಿರುಗಿಸಿದರು. ಕಬ್ಬಿಣದ ಮೊಳೆ ಅಂಗೈಗೆ ಒತ್ತುತ್ತಿತ್ತು. ಕಟ್ಟಿಗೆಯ ಗೂಟ ಮುರಿದಿರಬೇಕು, ಆ ತಾಯಿ ಹಳಿ ಕಿತ್ತ ಜಾಗದ ಖಡಿಯಲ್ಲಿ ಹುಡುಕಿ ಇದನ್ನು ಹಾಕಿಕೊಂಡಿರಬೇಕು ಎಂದು ನಾನಂದೆ. ಅತ್ತೆ ಹೂಂ ಎಂದರು. ಬೀಸುಕಲ್ಲನ್ನು ಬಂಡಿಯಲ್ಲಿ ಮನೆಗೆ ತಂದೆವು. ಮಾವ ಮೊಳೆಯನ್ನು ಮುಟ್ಟಿ ನೋಡಿ, ಇದು ಆ ಕವಲು ಹಳಿಯದೇ ಎಂದರು. ಅತ್ತೆ ಅವರನ್ನು ಒಳಗೆ ಕರೆದು ಬಹಳ ಹೊತ್ತು ಏನೋ ಹೇಳಿದರು.

ನನಗೆ ಮಾತ್ರ ಅಲ್ಲಿಗೆ ಬಿಡಲಾಗಲಿಲ್ಲ. ಪಂಚಮಿಗೆ ತವರಿಗೆ ಹೋದಾಗ ಅಪ್ಪನ ಬೆನ್ನು ಹತ್ತಿದೆ. ಬೀದರ್ ಸ್ಟೇಷನ್ನಿನ ಎದುರು ಅವರ ಅಂಗಡಿ, ರೈಲಿನವರೆಲ್ಲ ಪರಿಚಯ. ಅವರು ಹಳೆಯ ಗ್ಯಾಂಗಿನವರನ್ನು ವಿಚಾರಿಸಿದರು. ನಾನು ಹಲಬರ್ಗಾಕ್ಕೆ ಹೊರಡುವ ಮುನ್ನವೇ ಉತ್ತರ ಸಿಕ್ಕಿತು. ಆ ತಾಯಿ ಮಕ್ಕಳು ರೈಲು ಹತ್ತಿ ವಿಕಾರಾಬಾದಿನಲ್ಲಿದ್ದ ತಾಯಿಯ ಅಣ್ಣನ ಮನೆ ಸೇರಿದ್ದರು. ಗಂಡನೂ ಬದುಕಿದ್ದ. ಈಗ ಅಲ್ಲಿನ ಗ್ಯಾಂಗಿನಲ್ಲೇ ಕೆಲಸ ಮಾಡುತ್ತಿದ್ದ.

ಬಸ್ಸಿಳಿದು ಓಡೋಡಿ ಬಂದು ಅತ್ತೆಗೆ ಹೇಳಿದೆ. ಅವರು ಸೊಪ್ಪು ಸೋಸುತ್ತಿದ್ದರು. ಕಣ್ಣು ಮುಚ್ಚಿ ಎದೆಯ ಲಿಂಗಕ್ಕೆ ಕೈ ಮುಟ್ಟಿಸಿದರು.

“ಆಕಿ ದೊಡ್ಡ ಮಗಳದು ಮದಿವಿ ಆಯ್ತಂತೇನು?”

ಅದನ್ನು ನಾನು ಕೇಳಿರಲಿಲ್ಲ.

“ಎಲ್ಲಾ ಕೇಳಾಕಿ ನೀ, ಇದ್ನೇ ಬಿಟ್ಟು ಬಂದಿ,” ಎಂದು ಅತ್ತೆ ಸೊಪ್ಪಿನ ಮೊರವನ್ನು ನನ್ನ ಕಡೆ ಸರಿಸಿದರು.