ಮೀಸೆ ಮಿಸ್

ಕೆಲಸಕ್ಕೆ ಸೇರಿದ ಮೊದಲ ದಿನವೇ ಹೊಸ ಮೇಷ್ಟ್ರಿಗೆ ಶಾಲೆಯಲ್ಲಿ ಭದ್ರವಾದ ಸೀಟು ಸಿಕ್ಕಿತು. ಎಷ್ಟು ಭದ್ರವೆಂದರೆ, ಎದ್ದು ನಿಂತರೂ ಅದು ಬಿಡಲಿಲ್ಲ. ಒಂದನೇ ಕ್ಲಾಸಿನ ಮಕ್ಕಳಿಗೆ ಸರಿಸಮನಾಗಿ ಕೂರೋಣವೆಂದು ಪುಟ್ಟ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದರು. ಹೆಡ್ ಮಿಸ್ ನಾಲ್ಕಾರು ತಂದೆತಾಯಿಯರನ್ನು ಕರೆದುಕೊಂಡು ಒಳಗೆ ಬಂದರು. ಮರ್ಯಾದೆಗೆಂದು ಮೇಷ್ಟ್ರು ಎದ್ದರು. ಮರ್ಯಾದೆಗೆಂದು ಕುರ್ಚಿಯೂ ಜೊತೆಗೇ ಎದ್ದಿತು. ಬಗ್ಗಿ ನಮಸ್ಕಾರ ಮಾಡಿದರೆ, ಅದರ ಕಾಲುಗಳು ಹಿಂದಿನ ಬೋರ್ಡಿನ ಮೇಲೆ ಸೀಮೆಸುಣ್ಣದಲ್ಲಿ ಬರೆದಿದ್ದ ಸೇಬನ್ನು ಅರ್ಧ ಒರೆಸಿಹಾಕಿದವು.

"ಯಾರೂ ನಗ್ಬೇಡಿ, ಎಳೀರಿ!" ಎಂದು ಎರಡು ಜಡೆಯ ಹುಡುಗಿಯೊಬ್ಬಳು ಅಪ್ಪಣೆ ಕೊಟ್ಟಳು. ಕ್ಲಾಸಿಗೆ ಕ್ಲಾಸೇ ಜೋತುಬಿದ್ದು ಎಳೆದ ಮೇಲೆ ಕುರ್ಚಿ ಬಂತು. ಬಂದಿದ್ದ ಅಪ್ಪಂದಿರಲ್ಲಿ ಒಬ್ಬರು ಹೆಡ್ ಮಿಸ್ಸನ್ನು ಕೇಳಿದರು: "ಮಕ್ಕಳನ್ನ ಇವ್ರು ನೋಡ್ಕೋತಾರೆ, ಸರಿ. ಇವ್ರನ್ನ ಯಾರು ನೋಡ್ಕೋತಾರೆ?"

ಆ ಶಾಲೆಯಲ್ಲಿ ಕಲಿಸುವವರೆಲ್ಲ ಹೆಂಗಸರು. ಮಕ್ಕಳ ಬಾಯಲ್ಲಿ ಪಾಠ ಹೇಳುವವರಿಗೆ ಇದ್ದದ್ದು ಒಂದೇ ಹೆಸರು, ಮಿಸ್. ಇವರಿಗೆ ಮೀಸೆ ಇದ್ದದ್ದರಿಂದ ಮೀಸೆ ಮಿಸ್ ಆದರು. ಅವರೇನೂ ಬೇಸರ ಮಾಡಿಕೊಳ್ಳಲಿಲ್ಲ. ಬೇಸರವೆಲ್ಲ ಅವರ ಅಮ್ಮನಿಗೆ.

"ನಿನ್ನನ್ನ ಹೈಸ್ಕೂಲಿಗೆ ಯಾವಾಗ ಹಾಕ್ತಾರೋ? ಕೇಳಿದೋರಿಗೆಲ್ಲ ನನ್ನ ಮಗ ಇನ್ನೂ ಒಂದನೇ ಕ್ಲಾಸಲ್ಲಿದಾನೆ ಅಂತ ಹೇಳಲಾ?"

"ಹೇಳಮ್ಮಾ. ಈ ಸಲ ಪಾಸಾಗೋ ಹಾಗಿದೀನಿ."

ಮಿಕ್ಕ ಮಿಸ್‌ಗಳಿಗಂತೂ ಶಾಲೆಯಲ್ಲೇ ಪೊಲೀಸ್ ಠಾಣೆ ತೆರೆದಷ್ಟು ಸಮಾಧಾನವಾಗಿತ್ತು. ಯಾವ ಕ್ಲಾಸಿನಲ್ಲಿ ಯಾವ ಹುಡುಗ ಕಿತಾಪತಿ ಮಾಡಲಿ, "ನಡಿ, ಮೀಸೆ ಮಿಸ್ ಹತ್ರ!" ಆದರೆ ಗದರುವುದು ಈ ಮನುಷ್ಯನ ಜಾಯಮಾನವೇ ಅಲ್ಲ. ನಡುಗುತ್ತ ಬಂದ ಹುಡುಗರು ಕಿಸಿಕಿಸಿ ನಗುತ್ತ ವಾಪಸು ಹೋಗುತ್ತಿದ್ದರು. ಅವರದೇ ಕ್ಲಾಸಿನಲ್ಲೂ ಓದುವ ಹೊತ್ತಿಗೆ ಹುಡುಗಿಯರು ಬೆನ್ನು ನೆಟ್ಟಗೆ ಮಾಡಿ, ಸಾಲಿನ ಮೇಲೆ ಬೆರಳಿಟ್ಟು ಓದುವರು. ಹುಡುಗರ ಪುಸ್ತಕಗಳು ಮಾತ್ರ ಮೇಜಿನ ಮೇಲಿರುವವು; ಹುಡುಗರು ಇನ್ನೆಲ್ಲೋ.

ಹೆಡ್ ಮಿಸ್ ನೇರವಾಗಿಯೇ ಹೇಳಿದರು. "ನೋಡೀಪ್ಪಾ, ಗಂಡಸರು ಬಂದ್ರೆ ಹುಡುಗ್ರು ಓದ್ತಾರೆ ಅಂತ ನಿಮ್ಮನ್ನ ತಗೊಂಡೆ. ತಿಂಗಳ ಕೊನೇಲಿ ಇನ್‌ಸ್ಪೆಕ್ಟರ್ ಮೇಡಂ ಬರ್ತಾರೆ. ಅಷ್ಟರಲ್ಲಿ ಇವ್ರು ಓದ್ದೇ ಇದ್ರೆ ನೀವು ಹೈಸ್ಕೂಲಿಗೆ ಹೋಗಿ ಶಿಸ್ತು ನೋಡ್ಕೊಳ್ಳಿ."

ಸುದ್ದಿ ಕೇಳಿ ಅಮ್ಮನಿಗೆ ಹಾಲು ಕುಡಿದಷ್ಟು ಸಂತೋಷ. ಮಗನಿಗೆ ಆ ಪುಟ್ಟ ಮಕ್ಕಳನ್ನು ಬಿಟ್ಟು ಹೋಗಲು ಸುತರಾಂ ಮನಸ್ಸಿಲ್ಲ. ಅದಕ್ಕೇ ಹೆಡ್ ಮಿಸ್‌ಗೆ, "ಓದ್ತಾರೆ ಬಿಡಿ ಮೇಡಂ," ಎಂದುಬಿಟ್ಟಿದ್ದರು.

ಮರುದಿನ, ಒಂದು ಕಡೆ ನಿಲ್ಲದ್ದಕ್ಕೆ ಪಾದರಸನೆಂದು ಹೆಸರಾಗಿದ್ದ ಹುಡುಗ, ಪುಸ್ತಕ ಕಂಡೊಡನೆ ಮೇಜಿನ ಕೆಳಗೆ ನುಸುಳಿದ. ಮೀಸೆ ಮಿಸ್ ಎಳೆಯಲು ಹೋಗಲಿಲ್ಲ. ತಾವೂ ನುಸುಳಿ, ಹೊಟ್ಟೆಯ ಮೇಲೆ ಮಲಗಿ, ಹುಲಿಯ ಕಥೆ ಓದತೊಡಗಿದರು. ಹುಲಿ ಬಾಯಿ ತೆರೆಯುವಲ್ಲಿಗೆ ನಿಲ್ಲಿಸಿ, "ಆಮೇಲೇನಾಯ್ತೋ, ನನಗೆ ಬೆಳಕು ಸಾಲ್ದು, ನೀನೇ ನೋಡಪ್ಪ," ಎಂದರು. ಪಾದರಸ ತಡವರಿಸುತ್ತ, ಅಕ್ಷರಕ್ಕೆ ಅಕ್ಷರ ಕೂಡಿಸಿಕೊಂಡು ನೋಡಿದ. ವಾರ ಕಳೆಯುವುದರೊಳಗೆ ಹುಡುಗರೆಲ್ಲ ನೆಲ ಕಚ್ಚಿದ್ದರು, ಓದುತ್ತ.

ಆಗ ಎರಡು ಜಡೆಯವಳು ಸೊಂಟದ ಮೇಲೆ ಕೈಯಿಟ್ಟು ಮೇಜಿನ ಕೆಳಗೆ ಬಗ್ಗಿ ನೋಡಿದಳು. "ಮಿಸ್, ನಾವು ಚೆನ್ನಾಗಿ ಕೂತ್ಕೊಂಡಿದ್ದಕ್ಕೆ ನಮಗೆ ಶಿಕ್ಷೆನಾ?"

ಮೀಸೆ ಮಿಸ್ ತಬ್ಬಿಬ್ಬಾದರು. ಹುಡುಗಿಯರಿಗೆ ಕೂರುವುದೇ ಇಷ್ಟವೆಂದು ಅವರೂ ಎಲ್ಲರಂತೆ ನಂಬಿದ್ದರು. ಜಾಣೆ, ಜಾಣೆ ಎಂದು ಹೊಗಳಿಯೇ ಅವರನ್ನು ಕುರ್ಚಿಗೆ ಅಂಟಿಸಿದ್ದಾಗಿದೆಯೆಂದು ಯಾರಿಗೂ ಹೊಳೆದಿರಲಿಲ್ಲ. "ತಪ್ಪಾಯ್ತಮ್ಮಾ, ಬಾ," ಎಂದು ಜಾಗ ಬಿಟ್ಟರು. ಅವಳು ಒಳಗೆ ಬಂದು ಹುಲಿಯಾಗಿ ಗರ್ಜಿಸಿದ ರಭಸಕ್ಕೆ ಪಾದರಸ ಎರಡು ಮೇಜು ಆಚೆ ಸರಿದ.

ಇನ್‌ಸ್ಪೆಕ್ಟರ್ ಮೇಡಂ ಬಂದ ದಿನ ಕ್ಲಾಸಿನಲ್ಲಿ ಒಂದು ತಲೆಯೂ ಕಾಣಲಿಲ್ಲ. ಮೇಜುಗಳ ಕೆಳಗಿಂದ ಬರಿಗಾಲುಗಳು, ನಡುವೆ ಎರಡು ದೊಡ್ಡ ಕಾಲು, ಮತ್ತು ಜೇನುಗೂಡಿನಂಥ ಗುಂಯ್ ಸದ್ದು. ಹೆಡ್ ಮಿಸ್ ಕಣ್ಣು ಮುಚ್ಚಿಕೊಂಡರು. ಮೇಡಂ ಬಗ್ಗಿ, "ಏನು ನಡೀತಿದೆ ಇಲ್ಲಿ?" ಎಂದರು.

"ಷ್! ಓದ್ತಾ ಇದೀವಿ," ಎಂದ ಪಾದರಸ, ಬೇಕಾದರೆ ಕೇಳಿಸಿಕೊಳ್ಳಿ ಎಂಬಂತೆ ಇಡೀ ಪುಟವನ್ನು ಓದಿ ಮುಗಿಸಿದ. ಎರಡು ಜಡೆಯವಳು ಪುಸ್ತಕ ಕಿತ್ತುಕೊಂಡು ಮುಂದಿನ ಪುಟ ಓದಿದಳು.

ಹೆಡ್ ಮಿಸ್ ಕಣ್ಣು ತೆರೆದರು. "ಇವ್ರು ಇಲ್ಲೇ ಇರ್ಲಿ ಮೇಡಂ. ಹೈಸ್ಕೂಲಿಗೆ ಬೇರೆ ಯಾರನ್ನಾದ್ರೂ ನೋಡೋಣ."

"ಇಲ್ಲೇ ಇರ್ಲಿ," ಎಂದು ಒಪ್ಪಿದ ಮೇಡಂಗೆ ಉತ್ಸಾಹ ಉಕ್ಕಿತು. ಮೊಣಕೈಯ ಧೂಳು ಕೊಡವುತ್ತ ಹೊರಬಂದ ಮೀಸೆ ಮಿಸ್‌ರನ್ನು ಕೇಳಿದರು: "ಚಿಕ್ಕ ಮಕ್ಕಳಿಗೆ ಕಲಿಸೋಕೆ ಗಂಡಸರೂ ಬೇಕು ಅಂತ ಇವತ್ತು ಕಣ್ಣಾರೆ ಕಂಡೆ. ಈ ಶಾಲೆಗೇ ಇನ್ನೊಬ್ಬರನ್ನ ಕಳಿಸ್ಲಾ? ಏನಂತೀರಿ?"

"ಬೇಡ ಮೇಡಂ," ಎಂದರು ಮೀಸೆ ಮಿಸ್ ಗಾಬರಿಯಿಂದ. "ಈಗ ಮಧ್ಯಾಹ್ನ ಎಲ್ಲ ಮಿಸ್‌ಗಳೂ 'ಪಾಪ, ಒಬ್ರೇ ಗಂಡಸು' ಅಂತ ಅವರವರ ಡಬ್ಬಿಯಿಂದ ನನಗೆ ಬಡಿಸ್ತಾರೆ. ಇನ್ನೊಬ್ರು ಬಂದ್ರೆ ಪಾಲು ಮಾಡ್ಕೋಬೇಕಾಗುತ್ತೆ."