ಎರಡು ಪ್ಲಾಸ್ಟಿಕ್ ಬಾತು, ಒಂದು ಸೋರೆಬುರುಡೆ

ಪಾರ್ಸೆಲ್ ಬಂದಾಗ ನಾನು ಹುಳುಮನೆಯಲ್ಲಿ ಸೊಪ್ಪು ಹಾಕುತ್ತಿದ್ದೆ. ನಮ್ಮ ಮನೆಯವರು ತೀರಿಕೊಂಡು ಹದಿನೈದು ದಿನವಾಗಿತ್ತು. ಮನೆಯಲ್ಲಿ ಯಾರು ಸತ್ತರೂ ರೇಷ್ಮೆಹುಳಕ್ಕೆ ಹೊತ್ತುಹೊತ್ತಿಗೆ ಹಿಪ್ಪುನೇರಳೆ ಸೊಪ್ಪು ಬೀಳಲೇಬೇಕು. ಸೂತಕದ ದಿನಗಳಲ್ಲಿ ಪಕ್ಕದ ಮನೆಯವರು ನೋಡಿಕೊಂಡಿದ್ದರು, ಆಮೇಲೆ ನಾನೇ ಇಳಿದೆ. ಅಳಬೇಕು, ಅತ್ತರೆ ಹಗುರವಾಗುತ್ತದೆ ಎಂದು ಬಂದವರೆಲ್ಲ ಹೇಳಿ ಹೋದರು. ಅಳು ಬರಲಿಲ್ಲ. ಹಲ್ಲು ಕೀಳಿಸಿಕೊಂಡು ಬಂದ ದಿನ ದವಡೆ ನಮ್ಮದಲ್ಲ ಅನ್ನಿಸುತ್ತದಲ್ಲ, ನನಗೆ ಇಡೀ ಮೈ ಹಾಗಿತ್ತು.

ಪೆಟ್ಟಿಗೆಯ ಮೇಲೆ ಅವರ ಹೆಸರಿತ್ತು. ನಾನು ಸಹಿ ಹಾಕಿ ತೆಗೆದುಕೊಂಡೆ. ಒಳಗೆ ಎರಡು ಪ್ಲಾಸ್ಟಿಕ್ ಬಾತುಕೋಳಿಗಳಿದ್ದವು. ಒಂದನ್ನು ಕಡ್ಡಿಗೆ ಸಿಕ್ಕಿಸಿ ಗುಂಡಿ ಒತ್ತಿದರೆ ರೆಕ್ಕೆ ಗಿರಗಿರ ತಿರುಗುತ್ತಿತ್ತು. ಇನ್ನೊಂದರ ಹೊಟ್ಟೆಯಡಿ ಪುಟ್ಟ ಫ್ಯಾನಿತ್ತು, ನೀರಿಗೆ ಬಿಟ್ಟರೆ ತಾನೇ ಈಜುತ್ತಿತ್ತು. ಹೊರದೇಶಗಳಲ್ಲಿ ಬಾತು ಬೇಟೆಗೆ ಹೋಗುವವರು ಇವನ್ನು ನೀರಿಗಿಟ್ಟು, ನಿಜವಾದ ಬಾತುಗಳನ್ನು ನಂಬಿಸಿ ಹತ್ತಿರಕ್ಕೆ ಕರೆಯುತ್ತಾರಂತೆ. ನಮ್ಮ ಮನೆಯವರು ಇರುವೆಯನ್ನೂ ಹೊಸಕದ ಜನ. ಅವರಿಗೆ ಬೇಕಿದ್ದದ್ದು ಫೋಟೋ.

ಚಿಂತಾಮಣಿಯ ಕಾಲೇಜೊಂದರಲ್ಲಿ ಪ್ರಯೋಗಾಲಯದ ಕೆಲಸದಲ್ಲಿದ್ದರು. ಜಂಗಮಕೋಟೆ ಕಡೆಯ ನಮ್ಮೂರಿನಿಂದ ದಿನಾ ಹೋಗಿ ಬರುತ್ತಿದ್ದರು. ಬತ್ತಿದ್ದ ಊರ ಕೆರೆಗೆ ದೂರದಿಂದ ಪೈಪಿನಲ್ಲಿ ನೀರು ತಂದು ಬಿಟ್ಟ ಮೇಲೆ, ಕೊಕ್ಕಿನ ತುದಿಯಲ್ಲಿ ಹಳದಿ ಇರುವ ಕಾಡುಬಾತುಗಳು ಬಂದು ನೆಲೆ ನಿಂತವು. ಆದರೆ ಕೂರುವುದೆಲ್ಲ ಕೆರೆಯ ನಟ್ಟನಡುವೆ. ಬಾತು ನೀರಿಗಿಳಿಯುವಾಗ ಎರಡೂ ಕಾಲು ಮುಂದಕ್ಕೆ ಚಾಚುತ್ತದಲ್ಲ, ಆ ಗಳಿಗೆಯ ಫೋಟೋ ಒಂದು ಬೇಕೆಂದು ಇವರು ಎರಡು ವರ್ಷದಿಂದ ಭಾನುವಾರಗಳನ್ನೆಲ್ಲ ಕೆರೆಗೆ ಸುರಿದಿದ್ದರು. ಸಿಗುತ್ತಿದ್ದದ್ದು ಬರೀ ಕಪ್ಪು ಚುಕ್ಕೆಗಳು. ಅದಕ್ಕೇ ಎರಡು ನಮೂನೆ ತರಿಸಿ, ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ಹತ್ತು ದಿನದೊಳಗೆ ವಾಪಸ್ ಕಳಿಸುವ ಉಪಾಯ ಮಾಡಿದ್ದರು. ಯಾವುದನ್ನು ಇಟ್ಟುಕೊಳ್ಳಬೇಕು ಎನ್ನುವುದನ್ನು ಅವರಪ್ಪನನ್ನು ಕೇಳಬೇಕಿತ್ತು.

ಅವರಪ್ಪ, ಅಂದರೆ ನಮ್ಮ ಮಾವ, ಒಂದು ಕಾಲಕ್ಕೆ ಗೌರಿಬಿದನೂರಿನಿಂದ ಚಿಂತಾಮಣಿಯವರೆಗಿನ ಕೆರೆಗಳಲ್ಲಿ ಬಾತು ಹೊಡೆದವರು. ಹುಸಿ ಬಾತನ್ನು ತೇಲಿಬಿಟ್ಟು ಹಕ್ಕಿ ಕರೆಯುವುದರಲ್ಲಿ ಅವರದು ಎತ್ತಿದ ಕೈ. ಅಂಥ ಹುಸಿ ಹಕ್ಕಿಗೆ ದೀಮ ಎನ್ನುತ್ತಾರೆ. ಕಾನೂನು ಬಿಗಿಯಾದಾಗ ಬಂದೂಕನ್ನು ಠಾಣೆಗೆ ಒಪ್ಪಿಸಿ ಬಂದವರು ಆಮೇಲೆ ಬಾತಿನ ಮಾತೇ ಎತ್ತಿರಲಿಲ್ಲ.

ಅವರ ಬಾಯಿಂದ ಉತ್ತರ ಬರಬೇಕಾದರೆ ಮೂರು ಸಲ ಕೇಳಬೇಕು. ಮೊದಲ ಸಲಕ್ಕೆ ಕೇಳಿಸಲೇ ಇಲ್ಲವೆಂಬಂತೆ ಬೇರೆ ಏನೋ ಹೇಳುತ್ತಾರೆ. ಎರಡನೇ ಸಲಕ್ಕೆ ರೇಗುತ್ತಾರೆ, ಇಲ್ಲವೇ ಅಡ್ಡಗೋಡೆಯ ಮೇಲೆ ದೀಪ ಇಟ್ಟಹಾಗೆ ‘ನೋಡಣ’ ಅನ್ನುತ್ತಾರೆ. ಮೂರನೇ ಸಲಕ್ಕೆ ಹೂಂ ಅಥವಾ ಊಹೂಂ. ಕೇಳಿದ ತಕ್ಷಣ ಹೇಳಿದರೆ ಮಾತಿಗೆ ತೂಕವಿರುವುದಿಲ್ಲ ಎಂದು ಅವರ ತಂದೆಯ ಕಾಲದಿಂದ ಬಂದ ಪದ್ಧತಿಯಂತೆ. ನನ್ನ ಮದುವೆ ಮಾತಿಗೆ ನಮ್ಮಪ್ಪ ಮೂರು ಸಲ ಬಸ್ಸು ಹತ್ತಿ ಬಂದಿದ್ದರು. ಮೊದಲ ಸಲ ಮಾವ ಇಡೀ ಮಧ್ಯಾಹ್ನ ರಾಗಿಯ ಬಗ್ಗೆ ಮಾತಾಡಿ ಕಳಿಸಿದ್ದರು. ಕಾಫಿ ಬೇಕಾ ಎಂದು ಕೇಳಿದರೂ ಇದೇ ಕತೆ. ಮೂರನೇ ಸಲಕ್ಕೆ ಹೂಂ ಅನ್ನುವಷ್ಟರಲ್ಲಿ ಕಾಫಿ ಆರಿ, ಮತ್ತೆ ಕಾಯಿಸುವ ಕೆಲಸ ನನಗೆ. ಇಪ್ಪತ್ತು ವರ್ಷ ಕಾಯಿಸಿದ್ದೇನೆ.

ನಮ್ಮ ಮನೆಯವರು ಎರಡು ಸಲ ಕೇಳಿದ್ದರು. ಮೊದಲ ಸಲ ಮೊಬೈಲಿನಲ್ಲಿ ಚಿತ್ರ ತೋರಿಸಿದಾಗ ಮಾವ ಹಿತ್ತಿಲ ತೆಂಗಿನಕಾಯಿ ಕೆಡವಬೇಕು ಎಂದರು. ಎರಡನೆಯದು ಭಾನುವಾರ, ತಿಂಡಿಯ ಹೊತ್ತಿನಲ್ಲಿ. ಮಾವ ರೇಗಿದರು. ಬಾತು ಕರೆಯೋದು ಬ್ಯಾಟರಿ ಕೆಲಸವಲ್ಲ, ನಿನಗೆ ಅಷ್ಟೂ ತಿಳಿಯಲ್ಲವಾ ಎಂದು ತಟ್ಟೆ ಬಿಟ್ಟು ಎದ್ದುಹೋದರು. ಇವರು ನನ್ನ ಕಡೆ ನೋಡಿ ನಕ್ಕರು.

“ಇನ್ನೊಂದು ಸಲ ಬಾಕಿ ಐತೆ. ಬುಧವಾರ ಕೇಳ್ತೀನಿ ಬಿಡು,” ಎಂದರು.

ಮಂಗಳವಾರ ಮಧ್ಯಾಹ್ನ ಕಾಲೇಜಿನಲ್ಲಿ, ಕುಳಿತ ಕುರ್ಚಿಯಲ್ಲೇ ಹೋದರು. ಹೃದಯವಂತೆ.

ಮಾವ ಅಂದಿನಿಂದ ಗೋಡೆಯ ಕಡೆ ತಿರುಗಿ ಮಲಗಿದವರು ಏಳಲಿಲ್ಲ. ಮುದ್ದೆ ಇಟ್ಟರೆ ಎರಡು ತುತ್ತು ನುಂಗಿ ತಟ್ಟೆ ಸರಿಸುತ್ತಿದ್ದರು. ಮನೆಯಲ್ಲಿ ನಾವಿಬ್ಬರೇ, ಇಬ್ಬರೂ ಪಿಟಕ್ ಎನ್ನುತ್ತಿರಲಿಲ್ಲ. ಅವರು ಹೀಗೇ ಬತ್ತಿಹೋಗುತ್ತಾರೆ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಏನೂ ಅನ್ನಿಸುತ್ತಿರಲಿಲ್ಲ. ನನ್ನ ಬಗ್ಗೆ ನನಗೇ ಭಯವಾಗಿದ್ದು ಆಗ.

ಇವರ ಮೊಬೈಲು ನನ್ನ ಹತ್ತಿರವಿತ್ತು. ವಾಪಸ್ ಕಳಿಸಲು ಇನ್ನು ಏಳು ದಿನ, ಇನ್ನು ಆರು ದಿನ ಎಂದು ಬೆಳಿಗ್ಗೆ ಬೆಳಿಗ್ಗೆ ಮೆಸೇಜು ಬರುತ್ತಿತ್ತು. ಸತ್ತವರಿಗೆ ನೆನಪು ಮಾಡುವುದರಲ್ಲಿ ಕಂಪನಿಯವರಿಗೆ ಎಷ್ಟು ಶ್ರದ್ಧೆ! ಒಂದು ದಿನ ಈಜುವ ಬಾತನ್ನು ಹಸು ನೀರು ಕುಡಿಯುವ ತೊಟ್ಟಿಗೆ ಬಿಟ್ಟು ನೋಡಿದೆ. ಅದು ಸುತ್ತು ಹೊಡೆದು ಹೊಡೆದು ಗೋಡೆಗೆ ಮೂತಿ ಕುಟ್ಟಿತು. ಹಸು ಬೆದರಿ ಹಗ್ಗ ಕಿತ್ತುಕೊಂಡು ಹಿತ್ತಿಲ ಸೇರಿತು. ನಗಬೇಕಿತ್ತು, ನಗು ಬರಲಿಲ್ಲ. ಯಾವುದನ್ನು ಇಟ್ಟುಕೊಂಡರೆ ನನಗೇನಾಗಬೇಕು? ಎರಡನ್ನೂ ಕಳಿಸಿ ಕೈ ತೊಳೆದುಕೊಳ್ಳಬಹುದಿತ್ತು. ಆದರೆ ಇವರು ಕೇಳಿದ ಪ್ರಶ್ನೆ ಇನ್ನೂ ಮನೆಯಲ್ಲೇ ಇತ್ತು. ಅದಕ್ಕೆ ಉತ್ತರ ಸಿಗದೆ ಪೆಟ್ಟಿಗೆ ಮುಚ್ಚಲು ಕೈ ಬರಲಿಲ್ಲ.

ಪಾರ್ಸೆಲ್ ಬಂದ ಎಂಟನೇ ದಿನಕ್ಕೆ ಹುಳು ಹಣ್ಣಾಗಿ ಗೂಡು ಕಟ್ಟಲು ಹತ್ತಿದವು. ಸೊಪ್ಪಿನ ಕೆಲಸ ಮುಗಿಯಿತು. ಕೈ ಖಾಲಿಯಾದದ್ದನ್ನು ನನಗೆ ತಡೆಯಲಾಗಲಿಲ್ಲ. ಎರಡೂ ಬಾತುಗಳನ್ನು ತಂದು ಮಾವನ ಮಂಚದ ಮೇಲೆ ಇಟ್ಟೆ. ಈ ಮನೆಗೆ ಬಂದಾಗಿನಿಂದ ನಾನು ಅವರನ್ನು ನೇರವಾಗಿ ಕೇಳಿದ್ದು ಊಟ, ಕಾಫಿ ಅಷ್ಟೇ. ಉಳಿದದ್ದೆಲ್ಲ ಇವರ ಮೂಲಕವೇ ಹೋಗಬೇಕಿತ್ತು.

“ಮಾವ, ಎರಡು ಸಲ ಅವ್ರು ಕೇಳವ್ರೆ. ಇದು ಮೂರನೇದು. ಇವೆರಡರಲ್ಲಿ ಯಾವುದು?” ಎಂದೆ.

ಅವರು ಈ ಕಡೆ ತಿರುಗಿದರು. ಬಾತುಗಳನ್ನು ಬಹಳ ಹೊತ್ತು ನೋಡಿದರು. ಆಮೇಲೆ ಎದ್ದು ಕುಳಿತು, ಅಟ್ಟದ ಮೇಲೆ ಗೋಣಿಚೀಲ ಐತೆ, ಇಳಿಸು ಎಂದರು.

ಚೀಲದಲ್ಲಿ ಒಣಗಿದ ಸೋರೆಬುರುಡೆ ಇತ್ತು. ಮಸಿ ಮತ್ತು ಹರಳೆಣ್ಣೆ ಹಚ್ಚಿ ಕಪ್ಪು ಮಾಡಿದ್ದರು. ಮರದಲ್ಲಿ ಕೆತ್ತಿದ ಕತ್ತು, ತಲೆ. ಕೊಕ್ಕಿನ ತುದಿಗೆ ಹಳದಿ ಬಣ್ಣ. ಹಳೆಯ ಕಾಲದ್ದು ಇರಬೇಕು ಅಂದುಕೊಂಡೆ. ಆದರೆ ಹೊಟ್ಟೆಗೆ ಕಟ್ಟಿದ್ದ ನೈಲಾನ್ ಹುರಿ ಹೊಚ್ಚ ಹೊಸದು, ಹಳದಿ ಬಣ್ಣದ ವಾಸನೆ ಇನ್ನೂ ಬರುತ್ತಿತ್ತು.

“ಬುಧವಾರ ಕೇಳ್ತೀನಿ ಅಂದದ್ದು ಹೊರಗೆ ಕೇಳಿಸಿತ್ತು,” ಎಂದರು ಮಾವ. “ಸೋಮವಾರವೇ ಮಾಡಿಟ್ಟಿದ್ದೆ.”

ಮಾರನೆಯ ಬೆಳಿಗ್ಗೆ ಬಿಸಿಲೇರುವ ಮುಂಚೆ ಕೆರೆಗೆ ಹೋದೆವು. ಅವರು ಒಂದು ಕೈಯಲ್ಲಿ ಕೋಲು ಹಿಡಿದು, ಇನ್ನೊಂದು ಕೈಯಲ್ಲಿ ನನ್ನ ಭುಜ ಹಿಡಿದು ಏರಿಯ ಮೇಲೆ ನಿಧಾನಕ್ಕೆ ನಡೆದರು. ನನ್ನ ಕೊರಳಲ್ಲಿ ಇವರ ಕ್ಯಾಮೆರಾ ಇತ್ತು. ಮಾವ ಮೊದಲು ಪ್ಲಾಸ್ಟಿಕ್ ಬಾತುಗಳನ್ನೇ ನೀರಿಗೆ ಬಿಡಿಸಿದರು. ಮಗನ ಸಾಮಾನಿಗೆ ಅನ್ಯಾಯವಾಗಬಾರದು ಎಂದಿರಬೇಕು. ಈಜುವುದನ್ನು ಕಂಡು ಬಾತುಗಳು ಇನ್ನಷ್ಟು ದೂರ ಸರಿದವು. ರೆಕ್ಕೆ ತಿರುಗುವುದನ್ನು ಕಂಡು ಇಡೀ ಗುಂಪೇ ಎದ್ದು ಆಚೆ ದಡಕ್ಕೆ ಹಾರಿತು. ರೆಕ್ಕೆ ಬಡಿಯುತ್ತಿರುವ ಬಾತು ಅಂದರೆ ಹೆದರಿ ಏಳುತ್ತಿರುವ ಬಾತು, ಅದನ್ನು ನೋಡಿ ಯಾವುದು ಬಂದು ಕೂರುತ್ತದೆ ಎಂದು ಗೊಣಗಿದರು.

ಆಮೇಲೆ ಸೋರೆಬುರುಡೆಯನ್ನು ಜೊಂಡಿನ ಪಕ್ಕ ತೇಲಿಬಿಟ್ಟು, ಹುರಿಯ ತುದಿ ಹಿಡಿದು ಪೊದೆಯ ಮರೆಗೆ ಕುಳಿತರು. ಒಂದು ಸಲ ಮೆಲ್ಲಗೆ ಎಳೆದರು. ಬುರುಡೆ ಮೇವಿಗೆ ತಲೆ ಹಾಕಿದ ಹಾಗೆ ಮುಗ್ಗರಿಸಿ ಮತ್ತೆ ಎದ್ದಿತು. ಅಷ್ಟೇ. ಮುಂದಿನ ಎಳೆತಕ್ಕೆ ಎಷ್ಟು ಹೊತ್ತಾಯಿತೆಂದರೆ ಮಾವ ನಿದ್ದೆ ಹೋದರೇನೋ ಎಂದು ಬಗ್ಗಿ ನೋಡಿದೆ.

“ಎಳೆಯೋದು ಯಾರಿಗಾದ್ರೂ ಬರ್ತದಮ್ಮ. ಸುಮ್ನೆ ಬಿಡೋದು ಬರ್ಬೇಕು,” ಎಂದರು.

ಬಿಸಿಲು ನೀರಿನ ಮೇಲೆ ಬಂದಾಗ ಎರಡು ಬಾತುಗಳು ಒಂದು ಸುತ್ತು ಹಾಕಿದವು. ನಮ್ಮ ತಲೆಯ ಮೇಲೇ ಹಾದು, ಕಾಲು ಮುಂದಕ್ಕೆ ಚಾಚಿ, ಬುರುಡೆಯ ಪಕ್ಕದಲ್ಲೇ ನೀರು ಸೀಳಿಕೊಂಡು ಇಳಿದವು. ಹಿಂದೆಯೇ ಇನ್ನೂ ಐದು. ನಾನು ಕ್ಯಾಮೆರಾ ಒತ್ತಿದೆ. ಅದನ್ನು ಹೇಗೆ ಹಿಡಿಯಬೇಕೆಂದು ನನಗೆ ಬರದು, ಕೈ ತಾನೇ ಒತ್ತುತ್ತಾ ಹೋಯಿತು.

ಮಾವ ಬಾತುಗಳನ್ನು ನೋಡುತ್ತಿರಲಿಲ್ಲ. ಕೈಯಲ್ಲಿದ್ದ ಹುರಿಯನ್ನು ನೋಡುತ್ತಿದ್ದರು.

“ಎರಡನೇ ಸಲಕ್ಕೇ ಹೇಳ್ಬೋದಾಗಿತ್ತು,” ಎಂದರು.

ಸಮಾಧಾನದ ಮಾತು ನನ್ನಲ್ಲಿರಲಿಲ್ಲ, ಸುಳ್ಳು ಹೇಳಲು ಮನಸ್ಸಾಗಲಿಲ್ಲ. ಹೇಳಬಹುದಾಗಿತ್ತು, ಹೌದು. ಬಾತುಗಳು ಬುರುಡೆಯ ಸುತ್ತ ಮೇಯುತ್ತಿದ್ದವು. ಅವು ತಾವಾಗಿ ಎದ್ದು ಹೋಗುವವರೆಗೂ ನಾವು ಅಲ್ಲೇ ಕುಳಿತಿದ್ದೆವು.

ಮನೆಗೆ ಬಂದು ಎರಡು ಪ್ಲಾಸ್ಟಿಕ್ ಬಾತುಗಳನ್ನೂ ಒರೆಸಿ, ಪೆಟ್ಟಿಗೆಗೆ ಹಾಕಿ ಅಂಟಿಸಿದೆ. ಮಧ್ಯಾಹ್ನ ಪಾರ್ಸೆಲಿನವರು ಬಂದು ತೆಗೆದುಕೊಂಡು ಹೋದರು. ಮಾವ ಮಂಚದ ಮೇಲೆ ಕುಳಿತು ಒದ್ದೆ ಹುರಿಯನ್ನು ಬಿಸಿಲಿಗೆ ಬಿಡಿಸುತ್ತಿದ್ದರು. ಅಡುಗೆಮನೆಯ ಬಾಗಿಲಲ್ಲಿ ನಿಂತು, ಕಾಫಿ ಕುಡೀತೀರಾ ಎಂದು ಅಭ್ಯಾಸಬಲದಿಂದ ಕೇಳಿದೆ. ಉತ್ತರಕ್ಕೆ ಕಾಯದೆ ಒಳಗೆ ತಿರುಗಿದ್ದೆ.

“ಕುಡೀತೀನಿ, ಕೊಡಮ್ಮ,” ಎಂದರು.

ನಾನು ಕೇಳಿದ್ದು ಒಂದೇ ಸಲ. ಹಾಲನ್ನು ಒಲೆಯ ಮೇಲಿಟ್ಟೆ. ಅದು ಉಕ್ಕಿ ಸುರಿದು ಒಲೆ ಆರುವವರೆಗೂ ಅಲ್ಲೇ ನಿಂತು ಅತ್ತೆ.