ಮೂಗು ಚುಚ್ಚಿಸಿದ ತಾಯಂದಿರಿಗೆ ಒಬ್ಬ ಮಾವಶಿ

ಬೆಳಗಿನ ಆರು ಗಂಟೆ. ಛತ್ರಪತಿ ಸಂಭಾಜಿನಗರದ ಒಂದು ಟ್ರಸ್ಟ್ ಆಸ್ಪತ್ರೆಯ ಮಾನಸಿಕ ಆರೋಗ್ಯ ವಿಭಾಗದ ಬೀಗ ತೆಗೆದು, ಸೆರಗು ಸೊಂಟಕ್ಕೆ ಸಿಗಿಸಿಕೊಂಡು, ಸಕ್ರವ್ವ ಕುರ್ಚಿ ಎಳೆಯಲು ಶುರು ಮಾಡುತ್ತಾರೆ. ಡಾಕ್ಟರ ಮೇಜಿನ ಎದುರು ಯಾರೋ ಮೂರು ಕುರ್ಚಿಗಳನ್ನು ಒತ್ತೊತ್ತಾಗಿ ಇಟ್ಟು ಹೋಗಿದ್ದಾರೆ. ಸಕ್ರವ್ವನಿಗೆ ಇದನ್ನು ಕಂಡರಾಗದು. ತಂದೆಯ ಕುರ್ಚಿ ಗೋಡೆಯ ಕಡೆ, ತಾಯಿಯದು ಬಾಗಿಲ ಕಡೆ, ಮಗುವಿನದು ಕಿಟಕಿಯ ಹತ್ತಿರ.

"ಇಬ್ಬರ ನಡುವ ಕುಂದ್ರಿಸಿದ್ರ ಕೂಸು ಕೋರ್ಟಿನ ಕಟಕಟ್ಯಾಗ ನಿಂತಂಗ ಆಗ್ತದ್ರಿ. ತಾಯಿ ಬಾಗಿಲ ಹತ್ರಾನೇ ಇರ್ಬೇಕು. ಅಳು ಬಂದ್ರ ಎದ್ದು ಹೊರಗ ಹೋಗ್ಲಿಕ್ಕೆ," ಎನ್ನುತ್ತಾರೆ, ಒರೆಸುವ ಬಟ್ಟೆ ಹಿಂಡುತ್ತ.

ಸಕ್ರವ್ವನಿಗೆ ಐವತ್ತೆಂಟು. ಕಲಬುರಗಿ ಜಿಲ್ಲೆಯ ಆಳಂದದ ಕಡೆಯವರು. ಗಂಡನಿಗೆ ನಾಸಿಕದ ಅಂಬಡ್‌ನ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತೆಂದು ಬಂದವರು, ಗಂಡ ತೀರಿಕೊಂಡ ಮೇಲೂ ಅದೇ ಬಾಡಿಗೆ ಕೋಣೆಯಲ್ಲಿ ಮಗ ಶಶಿಕಾಂತನನ್ನು ದೊಡ್ಡವನನ್ನಾಗಿ ಮಾಡಿದರು. ಇದೇ ಟ್ರಸ್ಟಿನ ನಾಸಿಕದ ಆಸ್ಪತ್ರೆಯಲ್ಲಿ ಆಯಾ ಆಗಿ ಸೇರಿ ಹದಿನಾಲ್ಕು ವರ್ಷ. ಇಲ್ಲಿ ಆಯಾಗಳನ್ನು ಮಾವಶಿ, ಅಂದರೆ ಚಿಕ್ಕಮ್ಮ ಎಂದು ಕರೆಯುತ್ತಾರೆ. ತಿಂಗಳಿಗೆ ಎರಡು ಮಂಗಳವಾರ ಸಂಜೆ ಡಾಕ್ಟರ ಜೀಪು ಹತ್ತಿ, ನಾಲ್ಕು ತಾಸು ಕುಲುಕಾಡಿ ಸಂಭಾಜಿನಗರದ ಶಾಖೆಗೆ ಬರುತ್ತಾರೆ. ಬುಧವಾರ ಇಲ್ಲಿಗೆ ಬರುವವರು ಎಪ್ಪತ್ತು ಮಂದಿ. ನೆಲ ಮೂರು ಸಲ ಒರೆಸಬೇಕು, ಫೈಲು ಹೊರಬೇಕು. ಬೀದರ, ಕಲಬುರಗಿ ಕಡೆಯವರು ಬಂದರೆ ಡಾಕ್ಟರ ಮಾತನ್ನು ಕನ್ನಡಕ್ಕೆ ತಿರುಗಿಸಬೇಕು. ಈ ಕೊನೆಯ ಕೆಲಸ ನೇಮಕಾತಿ ಪತ್ರದಲ್ಲಿ ಎಲ್ಲೂ ಇಲ್ಲ.

ತಿಂಗಳಿಗೆ ಇಬ್ಬರೋ ಮೂವರೋ ಒಂದು ಬೇರೆ ಬಗೆಯ ಸಂಕಟ ಹೊತ್ತು ಬರುತ್ತಾರೆ. ಹುಟ್ಟಿದ ದೇಹ ಒಂದು, ತಾನು ಗಂಡೋ ಹೆಣ್ಣೋ ಎಂಬ ಒಳಗಿನ ಅರಿವು ಇನ್ನೊಂದು. ಇವೆರಡೂ ಹೊಂದದೆ ಹುಟ್ಟುವ ಯಾತನೆಯನ್ನು ವೈದ್ಯರು ಜೆಂಡರ್ ಡಿಸ್ಫೋರಿಯಾ ಎನ್ನುತ್ತಾರೆ. ಮಕ್ಕಳು ಯಾತನೆಯ ಮಾತಾಡುತ್ತಾರೆ. ಹೆತ್ತವರು ಮಾತ್ರ ಇದು ಯಾರ ತಪ್ಪಿನಿಂದ ಆಯಿತು ಎಂದೇ ಕೇಳುತ್ತಾರೆ.

ಈ ಬುಧವಾರ ಹಾಗೆ ಬಂದವರು ರೇವಣಪ್ಪ, ಭಾಗ್ಯಶ್ರೀ ಮತ್ತು ಅವರ ಇಪ್ಪತ್ತು ವರ್ಷದ ಮಗು. (ಅವರ ಒಪ್ಪಿಗೆ ಪಡೆದು, ಹೆಸರು ಬದಲಿಸಿ ಬರೆಯಲಾಗಿದೆ.) ಬಸವಕಲ್ಯಾಣದ ಕಡೆಯವರು, ಪೈಠಣ ರಸ್ತೆಯಲ್ಲಿ ಕಿರಾಣಿ ಅಂಗಡಿ. ಮಗುವಿಗೆ ಮನೆಯಲ್ಲಿ ಇಟ್ಟಿದ್ದು ಗಂಡು ಹೆಸರು, ಆಕೆ ತನ್ನನ್ನು ಕರೆದುಕೊಳ್ಳುವುದು ಪ್ರಾಚಿ ಎಂದು. ನಾಲ್ಕು ತಿಂಗಳಿಂದ ಕಾಲೇಜಿಲ್ಲ, ಮನೆಯ ಕನ್ನಡಿಗೆ ಟವೆಲ್ ಹೊದಿಸಿದ್ದಾಳೆ. ರೇವಣಪ್ಪ ಕೂರುವ ಮೊದಲೇ ಸಕ್ರವ್ವನ ಮುಂದೆ ತೀರ್ಪು ಹೇಳಿಬಿಡುತ್ತಾನೆ.

"ಇಕಿನೇ ಮಾಡಿದ್ದು, ಅಕ್ಕಾರ. ಐದು ವರ್ಷ ಲಂಗ ತೊಡಿಸಿ, ಮೂಗು ಚುಚ್ಚಿಸಿ, ಜಡಿ ಹಾಕಿ ಬೆಳೆಸ್ಯಾಳ. ಡಾಕ್ಟರೂ ಹೌದಂದ್ರ ಇವತ್ತೇ ಇಕಿನ್ನ ತವರಿಗೆ ಬಿಟ್ಟು ಬರ್ತೀನಿ. ಮಗನ್ನ ಊರಿಗೆ ಒಯ್ತೀನಿ. ಔಷಧನೂ ಬ್ಯಾಡ, ಏನೂ ಬ್ಯಾಡ."

ಭಾಗ್ಯಶ್ರೀಯೂ ಅದನ್ನೇ ನಂಬಿದ್ದಾಳೆ. ಮೊದಲ ಎರಡು ಕೂಸುಗಳು ತೊಟ್ಟಿಲಲ್ಲೇ ಹೋದವು. ಹಾಗಾದ ಮನೆಯಲ್ಲಿ ಮುಂದಿನದು ಗಂಡಾದರೆ ಮೂಗು ಚುಚ್ಚಿಸಿ, ಜವಳ ತೆಗೆಸುವ ತನಕ ಹೆಣ್ಣಿನ ಹಾಗೆ ಸಿಂಗರಿಸುವುದು ಆ ಕಡೆಯ ಪದ್ಧತಿ. ಹೆಣ್ಣೆಂದು ತಿಳಿದು ಸಾವು ಮುಟ್ಟದೆ ಹೋಗಲಿ ಎಂಬ ಆಸೆ. ಹಟ ಹಿಡಿದು ಮಾಡಿಸಿದ್ದು ಅತ್ತೆ, ಬೈಗುಳ ತಿನ್ನುತ್ತಿರುವುದು ಸೊಸೆ.

"ಆಯೀಚೀ ಚೂಕ ನಾಹೀ," ಎನ್ನುತ್ತಾಳೆ ಪ್ರಾಚಿ ಕಿಟಕಿಯಿಂದ ಮುಖ ತಿರುಗಿಸದೆ. ಅಮ್ಮನ ತಪ್ಪಿಲ್ಲ ಎಂದು. ಕನ್ನಡ ತಿಳಿಯುತ್ತದೆ, ಮಾತು ಮಾತ್ರ ಮರಾಠಿಯಲ್ಲೇ ಬರುತ್ತದೆ. ತಂದೆ ಕೇಳಿಸಿಕೊಂಡ ಹಾಗೆ ಕಾಣುವುದಿಲ್ಲ.

ಮನೋವೈದ್ಯೆ ವಸುಧಾ ಹಿಂದಿಯಲ್ಲಿ ನಿಧಾನವಾಗಿ ವಿವರಿಸುತ್ತಾರೆ, ಅಂಗಡಿಯ ಹಿಂದಿ ಇದಕ್ಕೆ ಸಾಲದೆಂದು ಸಕ್ರವ್ವ ಬಾಗಿಲ ಹತ್ತಿರ ನಿಂತು ಕನ್ನಡಿಸುತ್ತಾರೆ. "ಹೊಟ್ಟ್ಯಾಗಿದ್ದಾಗ ಹಾರ್ಮೋನಿನ ಫರಕಿನಿಂದ ಹಿಂಗ ಆಗ್ತದೇನೋ ಅಂತ ಹುಡುಕ್ಲತ್ತಾರ, ಅಣ್ಣಾರ. ಮಿದುಳಿನ ಫೋಟೊ ತೆಗೆದೂ ನೋಡ್ಯಾರ, ಒಬ್ಬರು ಒಂದು ಅಂದ್ರ ಇನ್ನೊಬ್ಬರು ಇನ್ನೊಂದು ಅಂತಾರ. ಅವಳಿ ಮಕ್ಕಳನ್ನ ನೋಡಿದ್ರ ರಕ್ತದಾಗೂ ಒಂದೀಟು ಬರ್ತದಂತ ಅನಸ್ತದ. ಮದಲ ದೊಡ್ಡ ದೊಡ್ಡ ಡಾಕ್ಟರೇ ತಾಯಿ ಅತಿ ಮುದ್ದು ಮಾಡಿದ್ಳು, ತಂದಿ ದೂರ ಇದ್ದ, ಅದಕ್ಕೇ ಹಿಂಗಾತು ಅಂತಿದ್ರಂತ. ಅದಕ್ಕ ಪುರಾವಾ ಸಿಗಲಿಲ್ಲ. ಇಂಥದ್ದೇ ಕಾರಣ ಅಂತ ಇನ್ನೂ ಯಾರಿಗೂ ಗೊತ್ತಿಲ್ರಿ."

"ಗೊತ್ತಿಲ್ಲ ಅನ್ಲಿಕ್ಕೆ ಡಾಕ್ಟರ್ ಯಾಕ ಬೇಕು?" ರೇವಣಪ್ಪ ಎದ್ದು ನಿಲ್ಲುತ್ತಾನೆ.

ಸಕ್ರವ್ವ ಸೊಂಟದ ಬಟ್ಟೆ ಚೀಲದಿಂದ ಒಂದು ಫೋಟೊ ತೆಗೆದು ಅವನ ಕೈಗೆ ಕೊಡುತ್ತಾರೆ. ಕಲಬುರಗಿಯ ಸ್ಟುಡಿಯೊದಲ್ಲಿ ತೆಗೆಸಿದ್ದು. ಜರಿ ಲಂಗ, ಮೊಗ್ಗಿನ ಜಡೆ, ಮೂಗಿನಲ್ಲಿ ನತ್ತು.

"ಯಾರ್ರಿ ಈ ಹುಡುಗಿ?"

"ನನ್ನ ಮಗ ಶಶಿಕಾಂತ. ನನಗೂ ಎರಡು ಹೋಗಿದ್ವು. ಈಗ ಅಂಬಡ್‌ದಾಗ ಲೇಥ್ ಮಷೀನ್ ನಡಸ್ತಾನ. ಎರಡು ಮಕ್ಕಳ ತಂದಿ. ಮೀಸಿ ನೋಡಿದ್ರ ಹೆದರ್ತೀರಿ."

"ಅದು ನಿಮ್ಮ ಮನಿ ಮಾತು."

"ಹಂಗಾದ್ರ ನಿಮ್ಮ ಮನಿ ಮಾತು ಕೇಳ್ತೀನಿ. ನಿಮ್ಮ ಬಲಗಡಿ ಮೂಗಿನ ಮ್ಯಾಲ ಆ ತೂತು ಏನ್ರಿ, ಅಣ್ಣಾರ?"

ರೇವಣಪ್ಪನ ಕೈ ತಾನಾಗಿಯೇ ಮೂಗಿಗೆ ಹೋಗುತ್ತದೆ. ಮುಚ್ಚಿಹೋಗುತ್ತ ಬಂದ ಸಣ್ಣ ಕಲೆ. ಅವನಿಗಿಂತ ಮುಂಚೆ ಹುಟ್ಟಿದ್ದೂ ಉಳಿದಿರಲಿಲ್ಲ, ಅವನಿಗೂ ಅದೇ ಲಂಗ, ಅದೇ ಜಡೆ. ಇಪ್ಪತ್ತಾರು ವರ್ಷದ ಸಂಸಾರದಲ್ಲಿ ಆ ಕಲೆಯನ್ನು ದಿನವೂ ನೋಡಿದ ಭಾಗ್ಯಶ್ರೀಗೂ ಇದು ಹೊಳೆದಿರಲಿಲ್ಲ. ಗಂಡನ ಮುಖ ನೋಡುತ್ತ ಅವಳು ಬಿಕ್ಕಿಬಿಕ್ಕಿ ಅಳುತ್ತಾಳೆ. ಬಾಗಿಲು ಪಕ್ಕದಲ್ಲೇ ಇದ್ದರೂ ಎದ್ದು ಹೋಗುವುದಿಲ್ಲ.

"ಒಂದು ಫೋಟೊ, ಒಂದು ಮೂಗು ಸೇರಿದರೆ ವಿಜ್ಞಾನ ಆಗುವುದಿಲ್ಲ," ಎಂದು ವಸುಧಾ ಆಮೇಲೆ ನಗುತ್ತಾರೆ. "ಆದರೆ ಬಟ್ಟೆ ತೊಡಿಸಿದ್ದರಿಂದ ಹೀಗಾಗುತ್ತದೆ ಎನ್ನುವುದಕ್ಕೂ ಆಧಾರವಿಲ್ಲ. ನಾನು ಅರ್ಧ ಗಂಟೆ ಹೇಳಿದರೂ ಆಗದ್ದು ಮಾವಶಿಯಿಂದ ಆಯಿತು." ಪ್ರಾಚಿಯ ಯಾತನೆ ಒಂದೇ ಬೆಳಗಿನಲ್ಲಿ ಇಳಿಯುವಂಥದ್ದಲ್ಲ. ಅದಕ್ಕೆ ತಿಂಗಳುಗಟ್ಟಲೆ ಮಾತು ಬೇಕು, ಮನೆಯವರು ಜೊತೆಗಿರಬೇಕು. ಹೊರಡುವಾಗ ರೇವಣಪ್ಪ ಮುಂದಿನ ತಾರೀಖು ಕೇಳುತ್ತಾನೆ. ಚೀಟಿ ಜೇಬಿಗಿಟ್ಟು ಹೆಂಡತಿಯ ಕಡೆ ನೋಡದೆಯೇ ಹೇಳುತ್ತಾನೆ, "ನಡಿ, ಚಹಾ ಕುಡಿ. ಮುಂಜಾನಿಂದ ಏನೂ ತಿಂದಿಲ್ಲ." ಮೂವರೂ ಕ್ಯಾಂಟೀನಿನ ಕಡೆ ಹೋಗುತ್ತಾರೆ.

ಮಗನ ಫೋಟೊ ಆ ಚೀಲಕ್ಕೆ ಬಂದದ್ದು ಒಂದು ತಪ್ಪಿನಿಂದ. ಕೆಲಸಕ್ಕೆ ಸೇರಿದ ಮೂರನೇ ವರ್ಷ, ಇದೇ ಕೋಣೆಯಲ್ಲಿ, ಡಾಕ್ಟರು ಬರುವ ಮೊದಲೇ ಅಫಜಲಪುರದ ಕಡೆಯ ಒಬ್ಬ ತಾಯಿ ಹೀಗೇ ಕೇಳಿದ್ದಳಂತೆ: ಅಕ್ಕಾ, ಲಂಗ ತೊಡಿಸಿದ್ದಕ್ಕೇ ಹಿಂಗಾತೇನು?

"ನಾ ಏನಂದೆ ಗೊತ್ತೇನ್ರಿ? ಹೌದು ಮತ್ತ, ಹೆಣ್ಣಿನಂಗ ಬೆಳೆಸಿದ್ರ ಇನ್ನೇನಾಗ್ತದ ಅಂದೆ. ನನ್ನ ಮಗನ್ನೂ ಹಂಗೇ ಬೆಳೆಸಿದ್ದೆ. ಆ ಹೊತ್ತಿಗೆ ಅದು ನೆನಪಿಗೇ ಬರ್ಲಿಲ್ಲ, ನನ್ನ ಬಾಯಿಗೆ ಬೆಂಕಿ ಹಚ್ಲಿ. ಆಕಿ ಕೂಸಿನ ಕೈ ಹಿಡಕೊಂಡು ಎದ್ದು ಹೋದ್ಳು. ಮತ್ತ ಬರ್ಲೇ ಇಲ್ಲ."

ಅಂದು ಸಂಜೆ ವಸುಧಾ ಬೈಯಲಿಲ್ಲವಂತೆ. ಎದುರಿಗೆ ಕೂರಿಸಿಕೊಂಡು ಮೂರು ಚಹಾ ಮುಗಿಯುವ ತನಕ ಎಲ್ಲವನ್ನೂ ವಿವರಿಸಿದರಂತೆ. ಸಕ್ರವ್ವನ ವಿದ್ಯೆ ಶುರುವಾದದ್ದು ಅಲ್ಲಿಂದ.

ಸಂಜೆ ನಾಲ್ಕು ಗಂಟೆ. ನಾಸಿಕಕ್ಕೆ ಹೊರಡುವ ಜೀಪು ಹಾರ್ನ್ ಹೊಡೆಯುತ್ತಿದೆ. ಸಕ್ರವ್ವ ಬಾಗಿಲ ಕಡೆಯ ಕುರ್ಚಿಯನ್ನು ಇನ್ನೊಮ್ಮೆ ಒರೆಸುತ್ತಾರೆ. ನಿವೃತ್ತಿಗೆ ಇನ್ನೆರಡು ವರ್ಷ. ಏನು ಆಸೆ ಇದೆ ಎಂದು ಕೇಳಿದರೆ ತಡಮಾಡದೆ ಹೇಳುತ್ತಾರೆ.

"ಆ ಅಫಜಲಪುರದ ಕಡಿ ತಾಯಿ, ಹೆಸರು ಕೇಳೋ ಮೊದಲೇ ಎದ್ದು ಹೋಗಿದ್ಳು. ಎಲ್ಲಿ ಅಂತ ಹುಡುಕ್ಲಿ? ಇನ್ನೆರಡು ವರ್ಷದಾಗ ಒಮ್ಮೆ ಆಕಿ ಈ ಬಾಗಿಲಿಗೆ ಬರ್ಬೇಕ್ರಿ. ಈ ಕುರ್ಚಿ ಮ್ಯಾಲ ಕುಂದ್ರಿಸಿ ಹೇಳ್ಬೇಕಾಗ್ಯದ. ತಂಗಿ, ನಿಂದೇನೂ ತಪ್ಪಿದ್ದಿಲ್ಲವ್ವಾ. ತಪ್ಪು ಹೇಳಿದಾಕಿ ನಾನು."